ಬೇಸ್ ಉಕುಲೆಲೆಯ ತಂತಿಗಳು: ಮನೆಯಲ್ಲಿ ಕಟ್ಟಿದ ವಾದ್ಯದ ಮೇಲೆ ಒಂದು ಪರೀಕ್ಷೆ

ಗಿಟಾರಿನಂಥ ಪುಟ್ಟ ನಾಲ್ಕು ತಂತಿಯ ವಾದ್ಯವಾದ ಉಕುಲೆಲೆಯ ಮಂದ್ರಸ್ವರದ ರೂಪವೇ ಬೇಸ್ ಉಕುಲೆಲೆ. ಅದನ್ನು ಮನೆಯಲ್ಲೇ ಕಟ್ಟಿಕೊಳ್ಳಲು ಹೊರಡುವವರು ಸಾಮಾನ್ಯವಾಗಿ ಮೊದಲು ಮರ ಹುಡುಕುತ್ತಾರೆ, ಆಮೇಲೆ ಪೆಟ್ಟಿಗೆಯ ಆಕಾರವನ್ನು ತೀರ್ಮಾನಿಸುತ್ತಾರೆ, ಬಿರಡೆಗಳನ್ನು ತರಿಸುತ್ತಾರೆ, ಎಲ್ಲ ಮುಗಿದ ಮೇಲೆ ಯಾವ ತಂತಿ ಕಟ್ಟುವುದೆಂದು ಯೋಚಿಸುತ್ತಾರೆ. ಗಿಟಾರಿಗೋ ಸಾಧಾರಣ ಉಕುಲೆಲೆಗೋ ಈ ಕ್ರಮ ನಡೆದೀತು, ಏಕೆಂದರೆ ಅವುಗಳಿಗೆ ಸಿಗುವ ತಂತಿಗಳ ದಪ್ಪವೂ ಬಿಗಿತವೂ ಒಂದು ಮಿತಿಯೊಳಗೇ ಇರುತ್ತವೆ. ಬೇಸ್ ಉಕುಲೆಲೆಯ ವಿಷಯ ಬೇರೆ. ಅದಕ್ಕೆ ಮಾರುಕಟ್ಟೆಯಲ್ಲಿ ಸಿಗುವ ಒಂದು ಬಗೆಯ ತಂತಿ ನಾಲ್ಕು ಮಿಲಿಮೀಟರಿನಷ್ಟು ದಪ್ಪನಾದ, ಎಳೆದರೆ ಹಿಗ್ಗುವ ಹುರಿ. ಇನ್ನೊಂದು ಬಗೆಯದು ಅದರ ಸರಿಸುಮಾರು ಅರ್ಧ ದಪ್ಪದ, ಲೋಹ ಸುತ್ತಿದ ತಂತಿ. ಒಂದಕ್ಕಾಗಿ ಕೊರೆದ ರಂಧ್ರ, ಅರೆದ ಗಾಡಿ (ತಂತಿ ಕೂರುವ ಸೀಳು), ಕೂರಿಸಿದ ಕುದುರೆ (ಪೆಟ್ಟಿಗೆಯ ಮೇಲೆ ತಂತಿಗಳನ್ನು ಹೊರುವ ತುಂಡು) ಮತ್ತೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಈ ವಾದ್ಯದಲ್ಲಿ ತಂತಿಯ ಆಯ್ಕೆಯೇ ವಿನ್ಯಾಸದ ಮೊದಲ ಹೆಜ್ಜೆಯಾಗಬೇಕು ಎಂಬುದು ನನ್ನ ನಿಲುವು. ಈ ವಿಮರ್ಶೆಯಲ್ಲಿ ರೋಡ್ ಟೋಡ್ ಸಂಸ್ಥೆಯ ಪಾಹೋಯಿಹೋಯಿ, ಅಕ್ವಿಲಾ ಸಂಸ್ಥೆಯ ಥಂಡರ್‌ಗಟ್ ಮತ್ತು ನೈಲಾನ್ ತಿರುಳಿನ ಮೇಲೆ ಬೆಳ್ಳಿಲೇಪಿತ ತಾಮ್ರ ಸುತ್ತಿದ ಒಂದು ಸೆಟ್ಟು, ಈ ಮೂರನ್ನು ಒಂದೇ ವಾದ್ಯದ ಮೇಲೆ ನುಡಿಸಿ ಹೋಲಿಸಿದ್ದೇನೆ. ವಾದ್ಯವನ್ನು ಕಟ್ಟಿದ ಬಗೆಯನ್ನು ತಂತಿಗೆ ಸಂಬಂಧಪಟ್ಟಷ್ಟು ಮಾತ್ರ ವಿವರಿಸಿದ್ದೇನೆ.

ಈ ವಾದ್ಯಕ್ಕೆ ಹೆಚ್ಚಿನ ವಯಸ್ಸಿಲ್ಲ. ಉಕುಲೆಲೆಯೇ 1879ರಲ್ಲಿ ಮಡೈರಾ ದ್ವೀಪದಿಂದ ಹವಾಯಿಗೆ ದುಡಿಯಲು ಬಂದ ಪೋರ್ಚುಗೀಸರ ಪುಟ್ಟ ತಂತಿವಾದ್ಯಗಳಿಂದ ಹುಟ್ಟಿದ್ದು. ಅದರ ಅತಿ ದೊಡ್ಡ ರೂಢಿಯ ರೂಪ ಬ್ಯಾರಿಟೋನ್, ಅದರ ಕೆಳಗಿನ ತಂತಿ ಗಿಟಾರಿನ ಡಿ ತಂತಿಯ ಸ್ವರಕ್ಕೆ ನಿಲ್ಲುತ್ತದೆ. ಬೇಸ್ ಗಿಟಾರಿನ ಕೆಳಗಿನ ಸ್ವರವಾದ 41.2 ಹರ್ಟ್ಸಿನ ಇ ಅದಕ್ಕಿಂತ ಬಹಳ ಕೆಳಗಿದೆ. ಅಷ್ಟು ಚಿಕ್ಕ ವಾದ್ಯದಿಂದ ಅಷ್ಟು ಮಂದ್ರವಾದ ಸ್ವರ ಹೊರಡಿಸಬಹುದೆಂದು ಮೊದಲು ತೋರಿಸಿದ್ದು ಉಕುಲೆಲೆಯವರಲ್ಲ. 1980ರ ದಶಕದಲ್ಲಿ ಇಂಗ್ಲೆಂಡಿನ ಅಲುನ್ ಆಶ್ವರ್ತ್-ಜೋನ್ಸ್ ಮತ್ತು ನೈಜೆಲ್ ಥಾರ್ನ್‌ಬರಿ ಇಬ್ಬರೂ ಸೇರಿ ರೂಪಿಸಿದ ಆಶ್‌ಬರಿ ಬೇಸ್ ಎಂಬ ವಾದ್ಯಕ್ಕೆ ಸಿಲಿಕೋನ್ ರಬ್ಬರಿನ ತಂತಿಗಳಿದ್ದವು. ಅದರ ತಂತಿಯ ಉದ್ದ ಕೇವಲ 18 ಅಂಗುಲ, ದಂಡಿಯ ಮೇಲೆ ಸ್ವರಸ್ಥಾನ ಗುರುತಿಸುವ ಅಡ್ಡಪಟ್ಟಿಗಳಾದ ಮೆಟ್ಟಿಲುಗಳೂ ಇರಲಿಲ್ಲ. ಬೆರಳು ಜಾರಲೆಂದು ಅದನ್ನು ನುಡಿಸುವವರು ಪೌಡರ್ ಹಚ್ಚಿಕೊಳ್ಳುತ್ತಿದ್ದರು. ಮುಂದೆ ಅಮೆರಿಕದ ರೋಡ್ ಟೋಡ್‌ನ ಓವೆನ್ ಹೋಲ್ಟ್ ಬ್ಯಾರಿಟೋನ್ ಉಕುಲೆಲೆಯ ಗಾತ್ರದ ಪೆಟ್ಟಿಗೆಗೆ ಪಾಲಿಯುರೆಥೇನ್ ತಂತಿಗಳನ್ನು ಹೊಂದಿಸಿದರು, ಕ್ಯಾಲಿಫೋರ್ನಿಯಾದ ಕಾಲಾ ಸಂಸ್ಥೆ ಅದನ್ನು ಯು-ಬೇಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇಂದು ಬೇಸ್ ಉಕುಲೆಲೆ ಎಂದರೆ ಬಹುಮಟ್ಟಿಗೆ ಅದೇ ಮಾದರಿ: ಸುಮಾರು 20ರಿಂದ 21 ಅಂಗುಲದ ತಂತಿ, ಬೇಸ್ ಗಿಟಾರಿನಂತೆಯೇ ಇ, ಎ, ಡಿ, ಜಿ ಶ್ರುತಿ, ಕುದುರೆಯ ಅಡಿಯಲ್ಲಿ ಪೀಜೋ ಪಿಕಪ್, ಅಂದರೆ ಕಂಪನವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಸಾಧನ.

ಸಾಮಾನ್ಯ ಬೇಸ್ ಗಿಟಾರಿನ ಉಕ್ಕಿನ ತಂತಿಯನ್ನೇ ಕತ್ತರಿಸಿ ಇದಕ್ಕೆ ಏಕೆ ಕಟ್ಟಬಾರದು ಎಂಬ ಪ್ರಶ್ನೆ ಮೊದಲ ದಿನವೇ ಏಳುತ್ತದೆ. ತಂತಿಯ ಉದ್ದ, ಬಿಗಿತ, ತೂಕ ಮತ್ತು ಸ್ವರಗಳ ನಡುವಣ ಸಂಬಂಧವನ್ನು ಫ್ರಾನ್ಸಿನ ಮರಾಂ ಮೆರ್ಸೆನ್ 17ನೆಯ ಶತಮಾನದಲ್ಲೇ ಬಿಡಿಸಿಟ್ಟಿದ್ದಾನೆ: ಸ್ವರವನ್ನೂ ತಂತಿಯ ತೂಕವನ್ನೂ ಹಾಗೆಯೇ ಇಟ್ಟುಕೊಂಡು ಉದ್ದವನ್ನು ಕಡಿಮೆ ಮಾಡಿದರೆ, ಬೇಕಾಗುವ ಬಿಗಿತ ಉದ್ದದ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. ಬೇಸ್ ಗಿಟಾರಿನ ತಂತಿ 34 ಅಂಗುಲ, ಅಂದರೆ 86 ಸೆಂಟಿಮೀಟರು. ಅದನ್ನು 53 ಸೆಂಟಿಮೀಟರಿಗೆ ಇಳಿಸಿದರೆ ಅದೇ ಇ ಸ್ವರಕ್ಕೆ ಬಿಗಿತ ಶೇ. 38ಕ್ಕೆ ಕುಸಿಯುತ್ತದೆ, 17 ಕೆ.ಜಿ. ಇದ್ದದ್ದು ಆರೂವರೆ ಕೆ.ಜಿ.ಯ ಆಸುಪಾಸಿಗೆ ಬರುತ್ತದೆ. ಉಕ್ಕಿನ ತಿರುಳಿರುವ ದಪ್ಪ ತಂತಿಗೆ ಆ ಬಿಗಿತ ಸಾಲದು. ಅದು ಮೆಟ್ಟಿಲುಗಳಿಗೆ ಬಡಿಯುತ್ತದೆ. ತನ್ನ ಸೆಡೆತದಿಂದಾಗಿ ಅದರ ಅನುಸ್ವರಗಳು (ಮೂಲಸ್ವರದ ಜೊತೆಗೇ ಹೊರಡುವ ಮೇಲಿನ ಸ್ವರಗಳು) ಮೂಲಸ್ವರದ ಗುಣಕಗಳಿಗೆ ಹೊಂದದೆ ಮೇಲಕ್ಕೆ ಸರಿಯುತ್ತವೆ. ಕಿವಿಗೆ ಅದು ಸ್ವರವೆನಿಸದೆ ತಗಡಿನ ಸದ್ದಾಗುತ್ತದೆ. ಹಾಗೆಂದು ಸಾಧಾರಣ ಉಕುಲೆಲೆಯ ನೈಲಾನ್ ತಂತಿಯನ್ನು ಅಷ್ಟು ಕೆಳಗಿಳಿಸೋಣವೆಂದರೆ, ಒಂದು ಮಿಲಿಮೀಟರ್ ದಪ್ಪದ ನೈಲಾನ್ ಎಳೆ 53 ಸೆಂಟಿಮೀಟರಿನಲ್ಲಿ 41.2 ಹರ್ಟ್ಸಿಗೆ ನಿಲ್ಲಲು ಇನ್ನೂರು ಗ್ರಾಮಿನಷ್ಟು ಬಿಗಿತವೂ ಬೇಡ. ಅದು ನುಡಿಯುವುದೇ ಇಲ್ಲ.

ಹಾಗಾದರೆ ತಂತಿ ಭಾರವಾಗಿರಬೇಕು, ಆದರೆ ಸೆಡೆತುಕೊಂಡಿರಬಾರದು. ದುಂಡು ತಂತಿಯ ಸೆಡೆತ ಅದರ ದಪ್ಪದ ನಾಲ್ಕನೆಯ ಘಾತದಲ್ಲಿ ಏರುತ್ತದೆ, ಆದ್ದರಿಂದ ನೈಲಾನನ್ನೇ ನಾಲ್ಕು ಮಿಲಿಮೀಟರ್ ದಪ್ಪ ಮಾಡಿದರೆ ಸಿಗುವುದು ತಂತಿಯಲ್ಲ, ಕೋಲು. ಇದಕ್ಕೆ ಪರಿಹಾರಗಳು ಎರಡೇ. ಒಂದು, ತುಂಬ ಮೃದುವಾದ, ರಬ್ಬರಿನ ಗುಣದ ವಸ್ತುವನ್ನು ಬಳಸಿ, ದಪ್ಪವಾಗಿದ್ದರೂ ಬಾಗುವಂತೆ ಮಾಡುವುದು. ಪಾಲಿಯುರೆಥೇನ್ ತಂತಿಗಳ ಗುಟ್ಟು ಇಷ್ಟೇ. ಇನ್ನೊಂದು, ಬಾಗುವ ತೆಳು ತಿರುಳಿನ ಮೇಲೆ ಭಾರದ ಲೋಹವನ್ನು ಸುತ್ತಿ, ತೂಕವನ್ನು ಸೆಡೆತದಿಂದ ಬೇರ್ಪಡಿಸುವುದು. ವೀಣೆಯ ಮಂದ್ರದ ತಂತಿಗೆ ಲೋಹ ಸುತ್ತುವುದೂ ಇದೇ ಕಾರಣಕ್ಕೆ. 53 ಸೆಂಟಿಮೀಟರ್ ಉದ್ದ, ನೀರಿಗಿಂತ ತುಸು ಹೆಚ್ಚಿನ ಅಂದರೆ 1.2ರ ಸಾಂದ್ರತೆ, ಪ್ರತಿ ತಂತಿಗೂ 3 ಕೆ.ಜಿ. ಬಿಗಿತ ಎಂದಿಟ್ಟುಕೊಂಡು ನಾನು ಲೆಕ್ಕ ಹಾಕಿದಾಗ, ಬಿಗಿದ ಸ್ಥಿತಿಯಲ್ಲಿ ಇ ತಂತಿ 4, ಎ ತಂತಿ 3, ಡಿ ತಂತಿ 2.3, ಜಿ ತಂತಿ 1.7 ಮಿಲಿಮೀಟರ್ ಬಂದವು. ತಯಾರಕರು ಈ ಅಂಕಿಗಳಿಂದ ತಮ್ಮ ತಮ್ಮ ರುಚಿಗೆ ತಕ್ಕಂತೆ ಅತ್ತಿತ್ತ ಸರಿಯುತ್ತಾರೆ, ಆದರೆ ನಟ್ಟಿನ (ದಂಡಿಯ ತಲೆಯ ಬಳಿ ತಂತಿಗಳನ್ನು ಹೊರುವ ಪಟ್ಟಿಯ) ಗಾಡಿಗಳನ್ನು ಅರೆಯುವ ಮೊದಲು ಕೈಯಲ್ಲಿರಬೇಕಾದ ಅಂದಾಜು ಇದು.

ಈ ಲೆಕ್ಕದಿಂದ ಇನ್ನೊಂದು ಒಳ್ಳೆಯ ಸುದ್ದಿ ಹೊರಡುತ್ತದೆ. ನಾಲ್ಕೂ ತಂತಿಗಳ ಒಟ್ಟು ಎಳೆತ 12 ಕೆ.ಜಿ. ಮಾತ್ರ, ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರಿನಲ್ಲಿ ಅದು 70 ಕೆ.ಜಿ.ಯನ್ನು ದಾಟುತ್ತದೆ. ಆದ್ದರಿಂದಲೇ ಮನೆಯಲ್ಲಿ, ಬಡಗಿಯ ಸಾಧಾರಣ ಸಾಮಾನುಗಳಿಂದ ಕಟ್ಟಿದ ಪೆಟ್ಟಿಗೆಯೂ ಇದನ್ನು ತಾಳಿಕೊಳ್ಳುತ್ತದೆ, ದಂಡಿಯೊಳಗೆ ಉಕ್ಕಿನ ಸರಳು ಹಾಕದಿದ್ದರೂ ಅದು ಬಾಗುವುದಿಲ್ಲ. ಪಕ್ಕಗಳನ್ನು ಬಿಸಿಯಲ್ಲಿ ಬಗ್ಗಿಸುವ ಗೋಜಿಗೆ ಹೋಗದೆ ನಾನು ಆಯತಾಕಾರದ ಪೆಟ್ಟಿಗೆ ಮಾಡಿದೆ: ಪಕ್ಕಗಳಿಗೆ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕಿನ ಹಲಗೆ, ಮೇಲಕ್ಕೂ ಕೆಳಕ್ಕೂ 3 ಮಿಲಿಮೀಟರಿನ ಪ್ಲೈವುಡ್, ದಂಡಿಗೆ ಹಳೆಯ ಬಾಗಿಲ ಚೌಕಟ್ಟಿನ ತೇಗ. ಮನೆ ಕೆಡವಿದ ಮರ ಮಾರುವಲ್ಲಿ ಸಿಗುವ ಇಂಥ ತೇಗ ದಶಕಗಳ ಕಾಲ ಒಣಗಿ ನಿಂತದ್ದರಿಂದ ಮತ್ತೆ ತಿರುಚಿಕೊಳ್ಳುವ ಭಯ ಕಡಿಮೆ. ಹಳೆಯ ಮೊಳೆ ಒಳಗುಳಿದಿದೆಯೇ ಎಂದು ನೋಡದೆ ಹತ್ತರಿ ಹಾಕಬಾರದು, ಅಷ್ಟೇ. ವೀಣೆಗೆ ಹಲಸು ಒಗ್ಗುವಂತೆ ಇದಕ್ಕೂ ಒಗ್ಗೀತು, ಆದರೆ ಸದ್ದಿನ ದೃಷ್ಟಿಯಿಂದ ಇಲ್ಲಿ ಮರದ ಪಾಲು ಚಿಕ್ಕದು, ಅದಕ್ಕಾಗಿ ದುಬಾರಿ ಮರ ಹುಡುಕುವುದು ಹಣ ಪೋಲು ಮಾಡಿದಂತೆ ಎಂದೇ ನನ್ನ ಅಭಿಪ್ರಾಯ.

ಮೆಟ್ಟಿಲುಗಳ ಸ್ಥಾನಕ್ಕೆ ಹಳೆಯ ಸೂತ್ರವೇ ಸಾಕು: ಉಳಿದ ಉದ್ದವನ್ನು ಪ್ರತಿ ಬಾರಿಯೂ 17.817ರಿಂದ ಭಾಗಿಸುತ್ತ ಹೋಗುವುದು. 530 ಮಿಲಿಮೀಟರಿನ ತಂತಿಗೆ ಮೊದಲ ಮೆಟ್ಟಿಲು ನಟ್ಟಿನಿಂದ 29.7, ಐದನೆಯದು 133, ಏಳನೆಯದು 176.3, ಹನ್ನೆರಡನೆಯದು 265 ಮಿಲಿಮೀಟರಿಗೆ ಬೀಳುತ್ತದೆ. ಮೊದಲ ಸಲ ಕಟ್ಟುವವರು ಮೆಟ್ಟಿಲು ಕೂರಿಸದೆ, ಆ ಸ್ಥಾನಗಳಲ್ಲಿ ಬಿಳಿ ಮರದ ತೆಳು ಪಟ್ಟಿ ಅಂಟಿಸಿ ಗೆರೆ ಮಾತ್ರ ತೋರಿಸುವುದೂ ಉಂಟು. ಮೃದು ತಂತಿಗೆ ಅದು ಚೆನ್ನಾಗಿಯೇ ಹೊಂದುತ್ತದೆ, ಸದ್ದು ನಿಂತು ನುಡಿಸುವ ದೊಡ್ಡ ಡಬಲ್ ಬೇಸಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಆದರೆ ತಂತಿಗಳನ್ನು ಒಂದಕ್ಕೊಂದು ಹೋಲಿಸುವುದೇ ನನ್ನ ಉದ್ದೇಶವಾಗಿದ್ದುದರಿಂದ ನಾನು ಮೆಟ್ಟಿಲು ಹಾಕಿದೆ.

ತಂತಿ ಮುಟ್ಟುವ ಮೂರು ಜಾಗಗಳಲ್ಲಿ ಮಾತ್ರ ಅವಸರ ಸಲ್ಲದು. ಮೊದಲನೆಯದು ಬಿರಡೆ. ಉಕುಲೆಲೆಯ ಬಿರಡೆಗಳ ಕಂಬದಲ್ಲಿ ಇರುವ ತೂತಿನೊಳಗೆ ಈ ಇ ತಂತಿ ಹೋಗುವುದೇ ಇಲ್ಲ. ಬೇಸ್ ಗಿಟಾರಿನ ಬಿರಡೆಯಂತೆ ಮೇಲುಗಡೆ ಸೀಳಿರುವ ದಪ್ಪ ಕಂಬ ಬೇಕು. ಆದರೆ ಬೇಸ್ ಗಿಟಾರಿನ ಪೂರ್ಣ ಗಾತ್ರದ ಬಿರಡೆಗಳು ಭಾರ. ಹಗುರವಾದ ಪೆಟ್ಟಿಗೆಗೆ ಅವನ್ನು ಹಾಕಿದರೆ ವಾದ್ಯದ ತಲೆ ಸದಾ ನೆಲದ ಕಡೆಗೆ ವಾಲುತ್ತದೆ. ತೆರೆದ ಗಿಯರಿನ ಚಿಕ್ಕ ಮಾದರಿಯವನ್ನು ಹುಡುಕುವುದು ವಾಸಿ. ಕಂಬದ ಸೀಳಿನ ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ದುಂಡು ಮಾಡಲೇಬೇಕು, ಏಕೆಂದರೆ ರಬ್ಬರಿನ ಗುಣದ ತಂತಿ ತುಂಡಾಗುವುದು ನಡುವೆ ಅಲ್ಲ, ಯಾವುದಾದರೂ ಚೂಪು ಅಂಚು ಅದರ ಮೈಯಲ್ಲಿ ಗೀರು ಮಾಡಿದ ಕಡೆ.

ಎರಡನೆಯದು ನಟ್. ಗಾಡಿಯ ತಳ ತಂತಿಯಷ್ಟೇ ದುಂಡಾಗಿರಬೇಕು, ಅಗಲ ತಂತಿಗಿಂತ ಕೂದಲೆಳೆಯಷ್ಟು ಹೆಚ್ಚಿರಬೇಕು, ಬಿರಡೆಯ ಕಡೆಗೆ ಇಳಿಜಾರಾಗಿರಬೇಕು. ರಬ್ಬರಿನಂಥ ತಂತಿ ಗಾಡಿಯ ಗೋಡೆಗೆ ಅಂಟಿಕೊಂಡರೆ ಬಿರಡೆ ತಿರುಗಿಸಿದಾಗ ಹಿಂದಿನ ಭಾಗ ಮಾತ್ರ ಬಿಗಿಯುತ್ತದೆ, ನುಡಿಯುವ ಭಾಗಕ್ಕೆ ಆ ಬಿಗಿತ ನಿಮಿಷಗಳ ನಂತರ ಒಮ್ಮೆಲೇ ಬಂದು ಮುಟ್ಟುತ್ತದೆ. ಶ್ರುತಿ ಮಾಡಿ ಮುಗಿಸಿದೆವೆಂದುಕೊಂಡ ಮೇಲೆ ಸ್ವರ ತಾನಾಗಿ ಏರುವುದಕ್ಕೆ ಇದೇ ಕಾರಣ. ಪೆನ್ಸಿಲಿನ ಸೀಸದ ಪುಡಿ ಇದಕ್ಕೆ ಅಗ್ಗದ ಮದ್ದು. ತಂತಿಗಳ ನಡುವಣ ಅಂತರವನ್ನು ಅವುಗಳ ಮಧ್ಯರೇಖೆಯಿಂದ ಅಳೆಯದೆ ಅಂಚಿನಿಂದ ಅಂಚಿಗೆ ಅಳೆಯಬೇಕು, ಇಲ್ಲವಾದರೆ ಇ ಮತ್ತು ಎ ತಂತಿಗಳ ನಡುವೆ ಬೆರಳಿಗೆ ಜಾಗವೇ ಉಳಿಯುವುದಿಲ್ಲ.

ಮೂರನೆಯದು ಕುದುರೆ. ಮೃದು ತಂತಿಯ ತುದಿಗೆ ಗಂಟು ಹಾಕಿ, ಪೆಟ್ಟಿಗೆಯ ಒಳಗಿನಿಂದ ಕುದುರೆಯ ರಂಧ್ರದ ಮೂಲಕ ಮೇಲಕ್ಕೆ ಎಳೆದುಕೊಳ್ಳುವುದು ರೂಢಿಯ ವಿಧಾನ. ಇದರಿಂದ ಎಳೆತದ ಬಹುಪಾಲನ್ನು ಮೇಲ್ಹಲಗೆಯ ಅಡಿಯಲ್ಲಿ ಅಂಟಿಸಿದ ಗಟ್ಟಿ ತುಂಡು ಹೊರುತ್ತದೆ, ಕುದುರೆ ಕಿತ್ತು ಬರುವ ಅಪಾಯ ತಪ್ಪುತ್ತದೆ. ಆದರೆ ಒಳಗಿನಿಂದ ತಂತಿ ಹಾಕಬೇಕೆಂದರೆ ಕೈ ಒಳಗೆ ಹೋಗಬೇಕು. ಆದ್ದರಿಂದ ಪೆಟ್ಟಿಗೆಯ ಬೆನ್ನಿಗೆ ಸ್ಕ್ರೂ ಹಾಕಿ ತೆರೆಯಬಹುದಾದ ಒಂದು ಮುಚ್ಚಳ ಇರಲೇಬೇಕು. ಕಾಲಾದ ಅಕೂಸ್ಟಿಕ್ ಮಾದರಿಗಳಲ್ಲೂ ಇಂಥ ಮುಚ್ಚಳವಿದೆ. ಪೆಟ್ಟಿಗೆಯನ್ನು ಅಂಟಿಸಿ ಮುಚ್ಚಿದ ಮೇಲೆ ಬೆನ್ನನ್ನು ಕೊರೆಯಲು ಹೋಗುವುದಕ್ಕಿಂತ ಮೊದಲೇ ಇದನ್ನು ಯೋಜಿಸುವುದು ಎಷ್ಟೋ ಸುಲಭ. ತಂತಿಯನ್ನು ಮೊದಲು ಆರಿಸಿ ಎಂದು ಆರಂಭದಲ್ಲಿ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ: ಲೋಹ ಸುತ್ತಿದ ತಂತಿಯ ತುದಿಯಲ್ಲಿ ಹಿತ್ತಾಳೆಯ ಗುಂಡು ಇರುವುದಾದರೆ ಅದನ್ನು ಹಿಂಬದಿಯ ಲೋಹದ ಪಟ್ಟಿಗೆ ಸಿಕ್ಕಿಸಿದರೂ ಸಾಕಾಗುತ್ತಿತ್ತು, ಮುಚ್ಚಳದ ಅಗತ್ಯವೇ ಬೀಳುತ್ತಿರಲಿಲ್ಲ.

ಇನ್ನು ತಂತಿಗಳು. ಪಾಹೋಯಿಹೋಯಿ ಕಪ್ಪು ಬಣ್ಣದ ಪಾಲಿಯುರೆಥೇನ್ ಸೆಟ್ಟು, ಈ ವಾದ್ಯದ ಸದ್ದು ಎಂದರೆ ಇಂದಿಗೂ ಕೇಳುಗರ ಮನಸ್ಸಿನಲ್ಲಿರುವುದು ಅದೇ. ಮೀಟಿದ ಕೂಡಲೇ ಬರುವ ಮೊದಲ ಸದ್ದು ದುಂಡಗಿದೆ, ಅದರಲ್ಲಿ ಲೋಹದ ಚೂಪಿಲ್ಲ. ಸ್ವರ ಬೇಗನೆ ಇಳಿದುಹೋಗುತ್ತದೆ. ಡಬಲ್ ಬೇಸನ್ನು ಬೆರಳಿನಿಂದ ಮೀಟುವ ಪಿಜ್ಜಿಕಾಟೊ ಕೇಳಿದವರಿಗೆ ಇದು ಕೂಡಲೇ ಪರಿಚಿತವೆನಿಸುತ್ತದೆ. ಭಾವಗೀತೆಯ ಹಿಂದೆ, ಮೆಲುದನಿಯ ಗಾಯನದ ಹಿಂದೆ, ಸ್ವರವು ಉಳಿದು ಕೂರದೆ ಜಾಗ ಬಿಟ್ಟುಕೊಡುವ ಈ ಗುಣ ಬಹಳ ಉಪಯುಕ್ತ. ಬೆರಳ ತುದಿಗೆ ನೋವೇ ಇಲ್ಲ. ಆದರೆ ಇದನ್ನು ಬೇಸ್ ಗಿಟಾರಿನಂತೆ ಗಟ್ಟಿಯಾಗಿ ಮೀಟಿದರೆ ತಂತಿ ಅಗಲವಾಗಿ ತೂಗಿ ಮೆಟ್ಟಿಲಿಗೆ ಬಡಿಯುತ್ತದೆ. ಹನ್ನೆರಡನೆಯ ಮೆಟ್ಟಿಲಿನಲ್ಲಿ ತಂತಿಯ ಎತ್ತರವನ್ನು 3 ಮಿಲಿಮೀಟರಿಗೆ ಏರಿಸಿದ ಮೇಲೆ ನನ್ನ ವಾದ್ಯದಲ್ಲಿ ಆ ತೊಂದರೆ ಹೋಯಿತು. ಹಿಗ್ಗಿ ನೆಲೆಗೊಳ್ಳಲು ದಿನಗಳೇ ಬೇಕು. ಆ ಅವಧಿಯಲ್ಲಿ ಪ್ರತಿ ಹಾಡಿಗೂ ಶ್ರುತಿ ಸರಿಮಾಡಿಕೊಳ್ಳಬೇಕಾಗುತ್ತದೆ. ಇದನ್ನು ದೋಷವೆನ್ನಲಾರೆ, ಇಡೀ ವರ್ಗದ ತಂತಿಗಳ ಸ್ವಭಾವವೇ ಹಾಗೆ.

ಥಂಡರ್‌ಗಟ್ ಇಟಲಿಯ ವಿಚೆಂತ್ಸಾ ಪ್ರದೇಶದ ಅಕ್ವಿಲಾ ಸಂಸ್ಥೆಯದು. ಪ್ರಾಣಿಗಳ ಕರುಳಿನ ತಂತಿಗೆ ಬದಲಾಗಿ ನೈಲ್‌ಗಟ್ ಎಂಬ ಕೃತಕ ವಸ್ತುವನ್ನು ತಂದು ಉಕುಲೆಲೆ ಲೋಕದಲ್ಲಿ ಹೆಸರಾದ ಸಂಸ್ಥೆ ಅದು. ಬಿಳಿ ಬಣ್ಣದ ಈ ಸೆಟ್ಟು ಪಾಹೋಯಿಹೋಯಿಯಷ್ಟು ಹಿಗ್ಗುವುದಿಲ್ಲ, ಆದ್ದರಿಂದ ಬಿರಡೆಯ ಕಂಬಕ್ಕೆ ಸುತ್ತುಗಳು ಕಡಿಮೆ ಬೀಳುತ್ತವೆ, ಶ್ರುತಿಯೂ ಬೇಗ ನಿಲ್ಲುತ್ತದೆ. ಸದ್ದಿನಲ್ಲಿ ಮೊದಲ ಸೆಟ್ಟಿನ ದುಂಡುತನ ತುಸು ಕಡಿಮೆ, ಸ್ಪಷ್ಟತೆ ತುಸು ಹೆಚ್ಚು. ಇ ತಂತಿಯ ಕೆಳಗಿನ ನಾಲ್ಕೈದು ಮೆಟ್ಟಿಲುಗಳಲ್ಲಿ ಒಂದು ಸ್ವರವನ್ನು ಅದರ ಪಕ್ಕದ ಸ್ವರದಿಂದ ಬೇರ್ಪಡಿಸಿ ಕೇಳಿಸುವುದು ಈ ವಾದ್ಯದ ಅತಿ ದೊಡ್ಡ ಸವಾಲು. ಅಲ್ಲಿ ಥಂಡರ್‌ಗಟ್ ಗೆಲ್ಲುತ್ತದೆ. ಸೋಲುವುದು ಸ್ಪರ್ಶದಲ್ಲಿ. ಅದರ ಮೈ ಬೆರಳಿಗೆ ಹತ್ತಿಕೊಳ್ಳುತ್ತದೆ. ಬೆವರಿದ ಕೈಗೆ, ಅದರಲ್ಲೂ ಕರಾವಳಿಯ ಸೆಕೆಯಲ್ಲಿ ನುಡಿಸುವವರಿಗೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಕೀರಲು ಸದ್ದು ಬರುತ್ತದೆ. ಟಾಲ್ಕಂ ಪೌಡರ್ ಹಚ್ಚಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ, ಆಮೇಲೆ ಆ ಪೌಡರೇ ಬೆವರಿನೊಂದಿಗೆ ಸೇರಿ ಮೆಟ್ಟಿಲುಗಳ ಬುಡದಲ್ಲಿ ಮಣ್ಣಾಗುತ್ತದೆ. ಅಕ್ವಿಲಾ ಮುಂದೆ ಥಂಡರ್ ರೆಡ್ಸ್ ಎಂಬ ಕೆಂಪು ಸೆಟ್ಟನ್ನೂ ತಂದಿದೆ. ಅದನ್ನು ನಾನು ಈ ವಾದ್ಯಕ್ಕೆ ಕಟ್ಟಿ ನೋಡಿಲ್ಲವಾದ್ದರಿಂದ ಇಲ್ಲಿ ಸೇರಿಸಿಲ್ಲ.

ಕರ್ನಾಟಕ ಸಂಗೀತದ ಹಿನ್ನೆಲೆಯಿಂದ ಈ ವಾದ್ಯಕ್ಕೆ ಬರುವವರು ಗಮನಿಸಬೇಕಾದ ಒಂದು ಸಂಗತಿ ಈ ಎರಡೂ ಸೆಟ್ಟುಗಳಿಗೆ ಅನ್ವಯಿಸುತ್ತದೆ. ವೀಣೆಯಲ್ಲಿ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಒಂದು ಸ್ವರದಿಂದ ಮೇಲಿನ ಸ್ವರಗಳನ್ನು ಹೊರಡಿಸುವುದು ಗಮಕದ ಮೂಲ ತಂತ್ರ. ಇಲ್ಲಿ ಅದು ಫಲಿಸುವುದಿಲ್ಲ. ಉಕ್ಕು ತನ್ನ ಉದ್ದದಲ್ಲಿ ಬಹಳ ಸ್ವಲ್ಪ ಹಿಗ್ಗಿ ಬಿಗಿದುಕೊಂಡಿರುವುದರಿಂದ, ಅದನ್ನು ಇನ್ನೊಂದಿಷ್ಟು ಎಳೆದರೂ ಬಿಗಿತ ಥಟ್ಟನೆ ಏರುತ್ತದೆ. ಮೃದು ತಂತಿಯಾದರೋ ಮೊದಲೇ ಸಾಕಷ್ಟು ಹಿಗ್ಗಿ ನಿಂತಿರುತ್ತದೆ. ಬೆರಳು ಪಕ್ಕಕ್ಕೆ ಎಳೆಯುವ ಅಲ್ಪ ಹಿಗ್ಗು ಅದಕ್ಕೆ ಲೆಕ್ಕಕ್ಕೇ ಇಲ್ಲ, ಸ್ವರ ಅಲ್ಲಾಡುವುದಿಲ್ಲ. ಜಾರು ಮಾತ್ರ ಚೆನ್ನಾಗಿ ಬರುತ್ತದೆ, ಅದೂ ಮೆಟ್ಟಿಲಿಲ್ಲದ ದಂಡಿಯ ಮೇಲೆ. ಗಮಕಕ್ಕಾಗಿಯೇ ಇದನ್ನು ಕಟ್ಟಿಕೊಳ್ಳಲು ಬಯಸುವವರು ಮೆಟ್ಟಿಲಿನ ವಿಚಾರವನ್ನೇ ಬಿಡಬೇಕು.

ಅದೇ ಗುಣ ಮನೆಯಲ್ಲಿ ವಾದ್ಯ ಕಟ್ಟುವವರಿಗೆ ವರವೂ ಹೌದು. ತಂತಿಯನ್ನು ಮೆಟ್ಟಿಲಿಗೆ ಒತ್ತಿದಾಗ ಅದು ತುಸು ಹಿಗ್ಗುತ್ತದೆ, ಸ್ವರ ತುಸು ಏರುತ್ತದೆ. ಇದನ್ನು ಸರಿದೂಗಿಸಲು ಕುದುರೆಯನ್ನು ಲೆಕ್ಕದ ಜಾಗಕ್ಕಿಂತ ಹಿಂದಕ್ಕೆ ಸರಿಸಬೇಕಾಗುತ್ತದೆ, ಪ್ರತಿ ತಂತಿಗೂ ಬೇರೆ ಬೇರೆ ಪ್ರಮಾಣದಲ್ಲಿ. ಮೃದು ತಂತಿಗೆ ಆ ಸರಿಸುವಿಕೆ ಅತ್ಯಲ್ಪ. ತಂತಿ ತುಸು ಎತ್ತರವಾಗಿದ್ದರೂ, ಮೆಟ್ಟಿಲುಗಳ ಎತ್ತರದಲ್ಲಿ ಕೈಗೆಲಸದ ಏರುಪೇರು ಇದ್ದರೂ, ಸ್ವರಸ್ಥಾನ ಅಷ್ಟಾಗಿ ಕೆಡುವುದಿಲ್ಲ.

ಲೋಹ ಸುತ್ತಿದ ಸೆಟ್ಟಿಗೆ ಈ ಕ್ಷಮಾಗುಣ ಇಲ್ಲ. ತಾಮ್ರದ ಸಾಂದ್ರತೆ ಸುಮಾರು 9, ಪಾಲಿಯುರೆಥೇನಿನ ಏಳು ಪಟ್ಟಿಗೂ ಹೆಚ್ಚು. ಆದ್ದರಿಂದ ತಂತಿ ತೆಳುವಾಗಿದೆ, ಸ್ವರ ದೀರ್ಘವಾಗಿ ನಿಲ್ಲುತ್ತದೆ, ಅನುಸ್ವರಗಳು ಸಮೃದ್ಧವಾಗಿವೆ. ಬೇಸ್ ಗಿಟಾರ್ ನುಡಿಸಿ ಅಭ್ಯಾಸವಿರುವವರ ಕೈಗೆ ಇದು ಕೂಡಲೇ ಒಗ್ಗುತ್ತದೆ, ಬ್ಯಾಂಡಿನ ನಡುವೆ ಇದರ ದನಿ ಮುಳುಗುವುದಿಲ್ಲ, ಕಟ್ಟಿದ ದಿನವೇ ಶ್ರುತಿ ಬಹುಮಟ್ಟಿಗೆ ನಿಲ್ಲುತ್ತದೆ. ಮೂರರಲ್ಲಿ ಅತ್ಯಂತ ಪೂರ್ಣವಾದ ಸದ್ದು ಇದರದೇ ಎಂದು ಒಪ್ಪಿಕೊಳ್ಳಬೇಕು. ಆದರೆ ಕುದುರೆಯ ಜಾಗ, ಮೆಟ್ಟಿಲುಗಳ ಮಟ್ಟ, ತಂತಿಯ ಎತ್ತರ ಎಲ್ಲವೂ ಕರಾರುವಾಕ್ಕಾಗಿ ಇರದಿದ್ದರೆ ಹನ್ನೆರಡನೆಯ ಮೆಟ್ಟಿಲಿನ ಸ್ವರ ಅಲ್ಲೇ ಮೀಟುವ ಅನುಸ್ವರಕ್ಕಿಂತ ಏರಿಬಿಡುತ್ತದೆ, ತಪ್ಪು ಎಲ್ಲಿದೆಯೆಂದು ತಂತಿ ಎತ್ತಿ ತೋರಿಸುತ್ತದೆ. ಅಲ್ಲದೆ ಮೃದು ತಂತಿಗಾಗಿ ಅರೆದ ಅಗಲ ಗಾಡಿಯಲ್ಲಿ ಇದು ಅತ್ತಿತ್ತ ಆಡಿ ಗುಂಯ್‌ಗುಡುತ್ತದೆ, ಆದ್ದರಿಂದ ಇದಕ್ಕೆಂದೇ ನಾನು ಬೇರೊಂದು ನಟ್ ಮಾಡಿಕೊಳ್ಳಬೇಕಾಯಿತು. ಮೆಟ್ಟಿಲಿಲ್ಲದ ದಂಡಿಯಾದರೆ ಲೋಹದ ಸುತ್ತು ಮರವನ್ನು ಸವೆಸುತ್ತದೆ. ಬೀಟೆಯಂಥ ಗಟ್ಟಿ ಮರದ ಪಟ್ಟಿ ಹೊದಿಸದೆ ಅಂಥ ದಂಡಿಗೆ ಇದನ್ನು ಕಟ್ಟಬಾರದು. ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ನಿವಾರಿಸುವುದು ಒಳ್ಳೆಯದು: ತಂತಿಯಲ್ಲಿ ಲೋಹವಿದೆ ಎಂದಮಾತ್ರಕ್ಕೆ ಬೇಸ್ ಗಿಟಾರಿನ ಅಯಸ್ಕಾಂತದ ಪಿಕಪ್ ಇದನ್ನು ಗ್ರಹಿಸುವುದಿಲ್ಲ. ತಾಮ್ರಕ್ಕೂ ಬೆಳ್ಳಿಗೂ ಆ ಗುಣವಿಲ್ಲ. ಮೂರು ಸೆಟ್ಟುಗಳಿಗೂ ಪೀಜೋ ಬೇಕೇ ಬೇಕು.

ಇವಲ್ಲದೆ ಹೆಸರಿಲ್ಲದ ಅಗ್ಗದ ಕಪ್ಪು ಸೆಟ್ಟೊಂದನ್ನೂ ಕಟ್ಟಿ ನೋಡಿದೆ. ಅದರ ಎ ತಂತಿಯ ದಪ್ಪ ಉದ್ದಕ್ಕೂ ಒಂದೇ ಸಮನಾಗಿರಲಿಲ್ಲ. ಅಂಥ ತಂತಿಯಲ್ಲಿ ಬಿಟ್ಟು ಮೀಟಿದ ಸ್ವರ ಸರಿಯಿದ್ದರೆ ಏಳನೆಯ ಮೆಟ್ಟಿಲು ತಪ್ಪುತ್ತದೆ, ಅದನ್ನು ಸರಿಮಾಡಿದರೆ ಮೊದಲನೆಯದು ತಪ್ಪುತ್ತದೆ, ಕುದುರೆಯನ್ನು ಎಷ್ಟು ಸರಿಸಿದರೂ ಪರಿಹಾರವಿಲ್ಲ. ಸೆಟ್ಟನ್ನು ಕೊಂಡ ಕೂಡಲೇ ಮಾಪಕದಿಂದ ಪ್ರತಿ ತಂತಿಯನ್ನೂ ಮೂರು ನಾಲ್ಕು ಕಡೆ ಅಳೆದು ನೋಡುವುದು ಇದರಿಂದ ಕಲಿತ ಅಭ್ಯಾಸ.

ಪಿಕಪ್ಪಿನ ಬಗ್ಗೆಯೂ ಸ್ವಲ್ಪ ವಿವರ ಬೇಕು, ಏಕೆಂದರೆ ತಂತಿಯ ತಪ್ಪೆಂದು ತೋರುವ ಎಷ್ಟೋ ತೊಂದರೆಗಳ ಮೂಲ ಇಲ್ಲಿರುತ್ತದೆ. 41.2 ಹರ್ಟ್ಸಿನ ಸದ್ದಿನ ಅಲೆ ಗಾಳಿಯಲ್ಲಿ ಎಂಟು ಮೀಟರಿಗೂ ಹೆಚ್ಚು ಉದ್ದ. ಒಂದು ಅಡಿಯ ಪೆಟ್ಟಿಗೆ ಅದನ್ನು ಕೋಣೆ ತುಂಬುವಷ್ಟು ಹೊರಸೂಸಲಾರದು. ಪಿಕಪ್ ಇಲ್ಲದೆ ನುಡಿಸಿದಾಗ ನಮಗೆ ಕೇಳುವುದು ಬಹುಪಾಲು ಮೇಲಿನ ಅನುಸ್ವರಗಳೇ, ಮೂಲಸ್ವರವನ್ನು ಕಿವಿ ತಾನೇ ಊಹಿಸಿಕೊಳ್ಳುತ್ತದೆ. ಮಲಗುವ ಕೋಣೆಯ ಅಭ್ಯಾಸಕ್ಕೆ ಅದು ಸಾಕು, ಇನ್ನೊಬ್ಬರೊಂದಿಗೆ ನುಡಿಸಲು ಸಾಲದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ ಪೇಟೆಯಲ್ಲಿ ಸಿಗುವ 27 ಮಿಲಿಮೀಟರಿನ ಪೀಜೋ ಬಿಲ್ಲೆಯನ್ನು ಕುದುರೆಯ ಕೆಳಗೆ ಮೇಲ್ಹಲಗೆಗೆ ಒಳಗಿನಿಂದ ಅಂಟಿಸಿದರೂ ಕೆಲಸವಾಗುತ್ತದೆ, ಆದರೆ ಅದನ್ನು ಯಾವುದಕ್ಕೆ ಜೋಡಿಸುತ್ತೇವೆ ಎಂಬುದು ಮುಖ್ಯ. ಅಂಥ ಬಿಲ್ಲೆಯ ಧಾರಕತೆ ಸುಮಾರು 20 ನ್ಯಾನೊಫ್ಯಾರಡ್. ಅದನ್ನು 10 ಕಿಲೊಓಮ್‌ನ ಸಾಧಾರಣ ಲೈನ್ ಇನ್‌ಪುಟ್ಟಿಗೆ ನೇರವಾಗಿ ಚುಚ್ಚಿದರೆ 800 ಹರ್ಟ್ಸಿನ ಕೆಳಗಿನದೆಲ್ಲ ಕ್ಷೀಣಿಸುತ್ತ ಹೋಗುತ್ತದೆ, ಅಂದರೆ ಬೇಸ್ ವಾದ್ಯದಿಂದ ಬೇಸನ್ನೇ ತೆಗೆದಂತಾಗುತ್ತದೆ. ಇನ್‌ಪುಟ್ 1 ಮೆಗಾಓಮ್ ಇದ್ದರೆ ಆ ಮಿತಿ 8 ಹರ್ಟ್ಸಿಗೆ ಇಳಿಯುತ್ತದೆ, ಇ ತಂತಿ ಪೂರ್ತಿಯಾಗಿ ದಾಟಿ ಬರುತ್ತದೆ. ತಂತಿ ಬದಲಿಸುವ ಮೊದಲು ಇಂಥ ಇನ್‌ಪುಟ್ ಇರುವ ಒಂದು ಪ್ರೀಆಂಪ್ (ಪಿಕಪ್ಪಿನ ಸಂಕೇತವನ್ನು ಮೊದಲು ಹಿಗ್ಗಿಸುವ ಸಾಧನ) ಕೊಳ್ಳಿ. ಈ ವ್ಯವಸ್ಥೆ ಸರಿಯಾದ ಮೇಲೆ ಮಾತ್ರ ಮೂರು ಸೆಟ್ಟುಗಳ ವ್ಯತ್ಯಾಸ ನ್ಯಾಯವಾಗಿ ಕೇಳಿಸಿತು.

ಮೊದಲ ವಾದ್ಯವನ್ನು ಕಟ್ಟುತ್ತಿರುವವರು ಮೃದು ತಂತಿಯನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಸಲಹೆ. ಅವುಗಳಲ್ಲಿ ಮೆಟ್ಟಿಲಿಲ್ಲದ ದಂಡಿಗೆ ಪಾಹೋಯಿಹೋಯಿ, ಮೆಟ್ಟಿಲಿರುವುದಕ್ಕೆ ಥಂಡರ್‌ಗಟ್. ನನ್ನ ವಾದ್ಯದ ಮೇಲೆ ಈಗ ಇರುವುದು ಥಂಡರ್‌ಗಟ್; ಅದರ ಅಂಟುಗುಣವನ್ನು ಸಹಿಸಿಕೊಂಡೆ, ಕೆಳಗಿನ ಸ್ವರಗಳ ಸ್ಪಷ್ಟತೆಯನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಲೋಹ ಸುತ್ತಿದ ಸೆಟ್ಟನ್ನು, ಮೆಟ್ಟಿಲುಗಳನ್ನು ಮಟ್ಟಮಾಡುವ ಕೆಲಸ ಕೈಗೆ ಹತ್ತಿದವರಿಗೆ, ಅಥವಾ ವೇದಿಕೆಯ ಮೇಲೆ ಡ್ರಮ್ಸಿನ ಜೊತೆ ನುಡಿಸಲೇಬೇಕಾದವರಿಗೆ ಶಿಫಾರಸು ಮಾಡುತ್ತೇನೆ. ಸಾಧಾರಣ ಉಕುಲೆಲೆಯ ಸೆಟ್ಟಿಗಿಂತ ಇವೆಲ್ಲವೂ ಹಲವು ಪಟ್ಟು ದುಬಾರಿ, ನಮ್ಮ ಊರುಗಳ ಸಂಗೀತ ವಾದ್ಯದ ಅಂಗಡಿಗಳಲ್ಲಿ ಸಾಮಾನ್ಯವಾಗಿ ದಾಸ್ತಾನು ಇರುವುದಿಲ್ಲ, ತರಿಸಿಕೊಳ್ಳಬೇಕಾಗುತ್ತದೆ. ಮೃದು ತಂತಿಗೆ ತುಕ್ಕು ಹಿಡಿಯುವುದಿಲ್ಲ, ಗೀರು ಬೀಳದಿದ್ದರೆ ದೀರ್ಘಕಾಲ ಬಾಳುತ್ತದೆ, ಆದ್ದರಿಂದ ಆ ಬೆಲೆ ವರ್ಷಗಳ ಮೇಲೆ ಹಂಚಿಹೋಗುತ್ತದೆ.

ಕೊಳ್ಳುವ ಮೊದಲು ಉದ್ದವನ್ನು ಅಳೆಯುವುದನ್ನು ಮರೆಯಬಾರದು. ಈ ಸೆಟ್ಟುಗಳನ್ನು 20–21 ಅಂಗುಲದ ವಾದ್ಯಕ್ಕೂ ಚಿಕ್ಕ ತಲೆಗೂ ಲೆಕ್ಕ ಹಾಕಿ ಕತ್ತರಿಸಿರುತ್ತಾರೆ. ಮನೆಯಲ್ಲಿ ಕಟ್ಟಿದ ವಾದ್ಯದ ತಲೆ ಉದ್ದವಾಗಿದ್ದರೆ, ಕುದುರೆಯಿಂದ ದೂರದ ಬಿರಡೆಗೆ ಹೋಗುವ ತಂತಿಗೆ ಕಂಬ ಸುತ್ತಲು ತುದಿ ಉಳಿಯದೆ ಹೋಗಬಹುದು. ಲೋಹ ಸುತ್ತಿದ ತಂತಿಯಲ್ಲಂತೂ ಹಿಗ್ಗಿಸಿ ಮುಟ್ಟಿಸುವ ಉಪಾಯವೂ ಇಲ್ಲ. ಕುದುರೆಯ ಗಂಟಿನಿಂದ ಅತಿ ದೂರದ ಬಿರಡೆಯವರೆಗಿನ ಅಳತೆಯನ್ನು ದಂಡಿ ಕತ್ತರಿಸುವ ಮೊದಲೇ ಕಾಗದದ ಮೇಲೆ ಬರೆದು, ತಯಾರಕರು ಕೊಡುವ ತಂತಿಯ ಉದ್ದದೊಂದಿಗೆ ತಾಳೆ ನೋಡಿ, ಆಮೇಲೆ ಗರಗಸ ಹಿಡಿಯಬೇಕು.